ಕಮ್ಮಿಂಗ್‌ನಲ್ಲಿ ಆರಾಮಾಗಿರಲು ಎಷ್ಟು ಬೇಕು

ಟೈರ್ ಅಂಗಡಿಯ ಕಾಯುವ ಕೋಣೆಗೆ ಅದರದೇ ಒಂದು ವಾಸನೆ ಇರುತ್ತದೆ. ಅರ್ಧ ಹೊಸ ರಬ್ಬರಿನದು, ಇನ್ನರ್ಧ ಬೆಳಗಿನಿಂದ ಒಲೆಯ ಮೇಲೇ ಕೂತು ಸೀದುಹೋದ ಕಾಫಿಯದು. ಮೊನ್ನೆ ವಾಷಿಂಗ್ಟನ್ ಪಕ್ಕದ ರಾಕ್‌ವಿಲ್ಲಿನ ಅಂಥದೊಂದು ಕೋಣೆಯಲ್ಲಿ ನಾನು ಒಂದು ಗಂಟೆಯಿಂದ ಕೂತಿದ್ದೆ. ಎರಡು ಟೈರ್ ಬದಲಿಸೋಣ ಎಂದು ಹೋದವನಿಗೆ, ನಾಲ್ಕೂ ಸವೆದಿವೆ ಎಂದು ಕೌಂಟರಿನಾತ ಬಹಳ ದುಃಖದ ಮುಖ ಮಾಡಿ ತಿಳಿಸಿದ್ದ. ಇಂಥ ಸುದ್ದಿಯನ್ನು ಇವರು ಯಾವಾಗಲೂ ಮನೆಯವರಿಗೇ ಏನೋ ಆಗಿದೆ ಎನ್ನುವ ಹಾಗೆ ಹೇಳುತ್ತಾರೆ. ನಾನೂ ಅಷ್ಟೇ ದುಃಖದಿಂದ ತಲೆಯಾಡಿಸಿ, ಕಾಫಿ ಹಿಡಿದುಕೊಂಡು ಬಂದು ಕೂತೆ.

ಗೋಡೆಯ ಮೇಲಿನ ಟೀವಿ ಸದ್ದಿಲ್ಲದೆ ಓಡುತ್ತಿತ್ತು. ಕಣ್ಣು ಹಾಯಿಸಿದರೆ ಒಂದು ಪಟ್ಟಿ. ಅಮೆರಿಕದ ಯಾವ ಊರಿನಲ್ಲಿ ಆರಾಮವಾಗಿ ಬದುಕಬೇಕಾದರೆ ವರ್ಷಕ್ಕೆ ಎಷ್ಟು ಸಂಬಳ ಬೇಕು ಎಂಬುದು ವಿಷಯ. ವಾಷಿಂಗ್ಟನ್ ಬಂತು, ಹೋಯಿತು. ಶಾರ್ಲಟ್ ಬಂತು, ರಾಲೀ ಬಂತು, ಅಟ್ಲಾಂಟಾ ಬಂತು. ಹಿಂದೆ ಒಂದು ಸೇತುವೆಯ ಚಿತ್ರವೋ ಎತ್ತರದ ಕಟ್ಟಡದ್ದೋ, ಮುಂದೆ ದಪ್ಪಕ್ಷರದಲ್ಲಿ ಒಂದು ಅಂಕಿ. ಆ ಅಂಕಿಗಳನ್ನು ನಾನಿಲ್ಲಿ ಬರೆಯುವುದಿಲ್ಲ. ಬರೆದರೆ ನೀವು ಮಿಕ್ಕದ್ದನ್ನೆಲ್ಲ ಬಿಟ್ಟು ನಿಮ್ಮ ಸಂಬಳವನ್ನು ಅದರ ಪಕ್ಕದಲ್ಲಿಟ್ಟು ನೋಡುತ್ತ ಕೂರುತ್ತೀರಿ. ನಾನು ಅಲ್ಲಿ ಮೊದಲು ಮಾಡಿದ್ದು ಅದನ್ನೇ.

ಆಮೇಲೆ ನನಗೆ ನಗು ಬಂತು. ಒಂದು ಕಾಲಕ್ಕೆ ಈ ಟೀವಿಯ ಕೆಲಸವನ್ನು ನಾನು ಪುಕ್ಕಟೆಯಾಗಿ ಮಾಡುತ್ತಿದ್ದೆ.

ನನ್ನ ಹೊಟ್ಟೆಪಾಡು ಬೇರೆಯದು. ಇಲ್ಲಿನ ಔಷಧ ಕಂಪನಿಯೊಂದರಲ್ಲಿ ಯಂತ್ರಗಳು ತೋರಿಸುವ ಅಳತೆ ಸರಿಯಿದೆಯೇ ಎಂದು ಪರೀಕ್ಷಿಸಿ ಸಹಿ ಹಾಕುವ ಎಂಜಿನಿಯರ್ ನಾನು. ಧಾರವಾಡದಿಂದ ಬಂದ ಹೊಸದರಲ್ಲಿ, ಎಲ್ಲರಂತೆ, ಡಾಲರಿನ ಸಂಬಳವನ್ನು ರೂಪಾಯಿಗೆ ಗುಣಿಸಿ ನಾನೊಬ್ಬ ಸಣ್ಣ ಸಂಸ್ಥಾನದ ದೊರೆ ಎಂದುಕೊಂಡಿದ್ದೆ. ಮೊದಲ ಚಳಿಗಾಲದ ಹೀಟಿಂಗ್ ಬಿಲ್ ಬಂದ ದಿನ ಸಂಸ್ಥಾನ ಕೈಬಿಟ್ಟು ಹೋಯಿತು. ಅವಮಾನಕ್ಕೋ ಸಿಟ್ಟಿಗೋ ಅಂದೇ ಕೂತು ಒಂದು ಎಕ್ಸೆಲ್ ಹಾಳೆ ಮಾಡಿದೆ. ಬಾಡಿಗೆ, ತೆರಿಗೆ, ಕಾರಿನ ವಿಮೆ, ಮಕ್ಕಳ ಡೇಕೇರ್, ಎರಡು ವರ್ಷಕ್ಕೊಮ್ಮೆ ಊರಿಗೆ ಹೋಗುವ ಟಿಕೆಟ್ಟು, ಊರಿಗೆ ಕಳಿಸುವ ದುಡ್ಡು, ಹಲ್ಲು ಕೀಳಿಸುವ ಖರ್ಚು, ಒಂದನ್ನೂ ಬಿಡಲಿಲ್ಲ. ಮೇಲೆ ಊರಿನ ಹೆಸರು ಬದಲಿಸಿದರೆ ಸಾಕು, ಅಲ್ಲಿ ಆರಾಮಾಗಿರಲು ಎಷ್ಟು ಸಂಬಳ ಬೇಕು ಎಂಬುದು ಕೆಳಗೆ ಹಸಿರು ಬಣ್ಣದಲ್ಲಿ ಬರುತ್ತಿತ್ತು. ಆ ಹಸಿರು ಬಣ್ಣದ ಬಗ್ಗೆ ನನಗಿದ್ದ ಹೆಮ್ಮೆಯನ್ನು ನನ್ನ ಇಬ್ಬರು ಗಂಡುಮಕ್ಕಳ ಬಗ್ಗೆಯೂ ನಾನು ತೋರಿಸಿಕೊಂಡಿಲ್ಲ.

ಸುದ್ದಿ ನಮ್ಮ ಜನರಲ್ಲಿ ಹೇಗೋ ಹಬ್ಬಿತು. ಯಾರಿಗೆ ಬೇರೆ ಊರಿನಲ್ಲಿ ಕೆಲಸ ಸಿಕ್ಕರೂ ನನಗೊಂದು ಫೋನು. ನಮ್ಮವರ ಒಂದು ವಿಶೇಷ ನಿಮಗೂ ಗೊತ್ತಿರಬಹುದು, ತಮ್ಮ ಸಂಬಳ ಎಷ್ಟು ಎಂದು ಮಾತ್ರ ಹೇಳುವುದಿಲ್ಲ. "ಅಂಕಲ್, ಹೀಗೇ ಒಬ್ಬರಿಗೋಸ್ಕರ ಕೇಳ್ತಿದೀನಿ, ಅವರಿಗೆ ಸುಮಾರು ಇಷ್ಟು ಬರುತ್ತೆ ಅಂತಿಟ್ಕೊಳ್ಳಿ" ಎಂದು ಶುರು ಮಾಡುತ್ತಾರೆ. ಆ ಒಬ್ಬರು ಯಾರು ಎಂದು ಕೇಳದೆ ಇರುವುದು ನನ್ನ ಕಸುಬಿನ ಮರ್ಯಾದೆಯಾಗಿತ್ತು. ಆರಾಮ ಎಂದರೆ ಏನು ಎನ್ನುವುದೂ ಒಬ್ಬೊಬ್ಬರಿಗೆ ಒಂದೊಂದು. ಒಬ್ಬರಿಗೆ ಪೂರ್ವಕ್ಕೆ ಬಾಗಿಲಿರುವ ಮನೆ, ಇನ್ನೊಬ್ಬರಿಗೆ ಎರಡು ಕಾರು ಹಿಡಿಸುವ ಗರಾಜು. ವಿಜಯಪುರದ ಡಾಕ್ಟರೊಬ್ಬರು ಶಾರ್ಲಟ್‌ಗೆ ಹೊರಟಾಗ ಮನೆಯ ಬೆಲೆ ಕೇಳಲೇ ಇಲ್ಲ, ಅಲ್ಲಿ ಜೋಳದ ಹಿಟ್ಟು ಸಿಗುತ್ತದೆಯೇ, ಸಿಕ್ಕರೆ ಪೌಂಡಿಗೆ ಎಷ್ಟು ಎಂದು ಅರ್ಧ ಗಂಟೆ ವಿಚಾರಿಸಿದರು. ನಾನು ಅಲ್ಲಿನ ಅಂಗಡಿಗೆ ಫೋನ್ ಮಾಡಿ ತಿಳಿದುಕೊಂಡು ಹಾಳೆಯಲ್ಲಿ ಒಂದು ಸಾಲು ಹೆಚ್ಚಿಸಿದೆ.

ನನ್ನ ಹೆಂಡತಿ ಶಶಿ ಆಸ್ಪತ್ರೆಯ ಲ್ಯಾಬಿನಲ್ಲಿ ಡಾಕ್ಟರು, ಬಾಗಲಕೋಟೆಯವಳು. "ಮಂದೀಗೆಲ್ಲಾ ಸಂಬಳಾ ಹೇಳ್ತೀರಿ, ನಮ್ಮ ಮನಿ ಹಾಲು ಮುಗದದ ಅನ್ನೂದು ಗೊತ್ತಾಗೂದಿಲ್ಲ" ಎನ್ನುತ್ತಿದ್ದಳು. ಗೊತ್ತಾಗುತ್ತಿರಲಿಲ್ಲ, ನಿಜ. ಹಾಳೆಯಲ್ಲಿ ಹಾಲು 'ದಿನಸಿ'ಯೊಳಗೆ ಸೇರಿಹೋಗಿತ್ತು.

ಇಷ್ಟೆಲ್ಲ ಲೆಕ್ಕಗಳಲ್ಲಿ ಒಂದೇ ಒಂದನ್ನು ನಾನು ಉತ್ತರ ಇಂಥದು ಬರಬಾರದು ಎಂದು ಬೇಡಿಕೊಳ್ಳುತ್ತ ಮಾಡಿದ್ದೆ. ನಮ್ಮ ಪಕ್ಕದ ಮನೆಯ ನಜೀರ್, ಅಟ್ಲಾಂಟಾ ಹತ್ತಿರದ ಕಮ್ಮಿಂಗ್‌ಗೆ ಹೋದರೆ ಹೇಗೆ ಎಂದು ಕೇಳಿದಾಗ ಮಾಡಿದ್ದು ಅದು. ನನಗೆ ಅವರು ಹೋಗುವುದು ಬೇಕಿರಲಿಲ್ಲ. ಇದನ್ನು ಇಲ್ಲೇ ಹೇಳಿಬಿಡುತ್ತೇನೆ, ಏಕೆಂದರೆ ಹೇಳಬೇಕಾಗಿದ್ದಾಗ ಹೇಳಲಿಲ್ಲ.

ನಜೀರ್ ಮೈಸೂರಿನವರು, ನನಗಿಂತ ಹತ್ತು ವರ್ಷ ಚಿಕ್ಕವರು. ಸರ್ಕಾರಿ ಇಲಾಖೆಗಳಿಗೆ ಡೇಟಾಬೇಸ್ ನೋಡಿಕೊಳ್ಳುವ ಒಂದು ಗುತ್ತಿಗೆ ಕಂಪನಿಯಲ್ಲಿ ಕೆಲಸ. ಒಂದಕ್ಕೊಂದು ಅಂಟಿಕೊಂಡ ಟೌನ್‌ಹೌಸ್‌ಗಳ ಸಾಲಿನಲ್ಲಿ ನಮ್ಮದು ಕೊನೆಯದು, ಅವರದು ಅದರ ಪಕ್ಕದ್ದು. ನಮ್ಮದು ಸ್ವಂತ, ಅವರದು ಬಾಡಿಗೆ. ಮನೆಯಲ್ಲಿ ಹೆಂಡತಿ ರುಖಿಯಾ, ಮಗಳು ಝೋಯಾ. ನನ್ನನ್ನು ಅವರು ಮೊದಲ ದಿನ "ಸಾರ್" ಎಂದರು. ಸಾರ್ ಬೇಡ ಎಂದೆ. "ಆಯ್ತು ಸಾರ್" ಎಂದರು. ಅಲ್ಲಿಗೆ ಆ ಮಾತು ಮುಗಿಯಿತು.

ಮೈಸೂರಿನವರ ಸಂಕೋಚದ ಬಗ್ಗೆ ನಮ್ಮ ಕಡೆ ಬಹಳ ತಮಾಷೆ ಮಾಡುತ್ತೇವೆ. ನಜೀರ್ ಆ ತಮಾಷೆಗೆ ಹೇಳಿ ಮಾಡಿಸಿದ ಮನುಷ್ಯ. ಊಟಕ್ಕೆ ಕರೆದರೆ ಮೂರು ಸಲ ಬೇಡ ಅನ್ನಬೇಕು, ನಾಲ್ಕನೆಯ ಸಲಕ್ಕೆ ಬರಬೇಕು. ಕಾರಿನ ಬ್ಯಾಟರಿ ಹೋಗಿ ನಿಂತಿದ್ದರೂ ಬಾಗಿಲು ತಟ್ಟಿ ಮೊದಲು ನನ್ನ ಆರೋಗ್ಯ, ಶಶಿಯ ಆರೋಗ್ಯ, ಮಕ್ಕಳ ಓದು ಎಲ್ಲ ವಿಚಾರಿಸಿ, ಹೊರಡುವಾಗ "ಸಾರ್, ನಿಮ್ಮ ಹತ್ರ ಜಂಪರ್ ಕೇಬಲ್ ಏನಾದ್ರೂ ಇದೆಯಾ, ಅರ್ಜೆಂಟಿಲ್ಲ" ಎನ್ನಬೇಕು. ನಾನು ಧಾರವಾಡದವನು, ಇದ್ದದ್ದನ್ನು ಇದ್ದ ಹಾಗೆ ಮುಖಕ್ಕೇ ಹೇಳುವವನು ಎಂಬ ಹೆಸರು ನನಗೆ. ಆ ಹೆಸರನ್ನು ನಾನೂ ನಂಬಿದ್ದೆ.

ನಾವು ನಿಜವಾಗಿ ಹತ್ತಿರವಾದದ್ದು ಎರಡು ಸಾವಿರದ ಇಪ್ಪತ್ತರಲ್ಲಿ, ಮನೆಗಳ ಬಾಗಿಲು ಮುಚ್ಚಿದ ಮೇಲೆ. ಶಶಿಗೆ ಆಸ್ಪತ್ರೆಯ ಕೆಲಸ ತಪ್ಪುವಂತಿರಲಿಲ್ಲ. ಮನೆಗೆ ಬಂದವಳೇ ನೇರ ಬೇಸ್‌ಮೆಂಟಿಗೆ ಇಳಿದು ಅಲ್ಲೇ ಇರುತ್ತಿದ್ದಳು. ನನಗೆ ಅಡುಗೆ ಎಂದರೆ ಅನ್ನ, ಮೊಸರು ಮತ್ತು ಧೈರ್ಯ. ಮೂರನೆಯ ದಿನ ಬಾಗಿಲ ಹೊರಗೆ ಒಂದು ಸ್ಟೀಲಿನ ಪಾತ್ರೆ ಕಂಡಿತು. ಒಳಗೆ ಬಿಸಿ ಬಿಸಿ ಬೇಳೆ ಸಾರು, ಮೇಲೆ ಚೀಟಿ: "ಅಣ್ಣಾ, ಇದು ಹೊಸ ಪಾತ್ರೆ. ಇದರಲ್ಲಿ ನಿಮ್ಮ ಅಡುಗೆ ಬಿಟ್ಟು ಬೇರೆ ಏನೂ ಮಾಡೋದಿಲ್ಲ." ರುಖಿಯಾ ನಮ್ಮ ಸಸ್ಯಾಹಾರಕ್ಕಾಗಿ ಪಾತ್ರೆಯನ್ನೇ ಕೊಂಡು ತಂದಿದ್ದರು. ಆ ವಸಂತವೆಲ್ಲ ಆ ಪಾತ್ರೆ ತುಂಬಿ ಬಂತು, ತೊಳೆದು ಹೋಯಿತು.

ಸಂಜೆ ಐದಕ್ಕೆ ನಾನೂ ನಜೀರೂ ಮನೆಯ ಮುಂದಿನ ಪಾರ್ಕಿಂಗ್ ಲಾಟಿನಲ್ಲಿ ಮಡಚುವ ಕುರ್ಚಿ ಹಾಕಿಕೊಂಡು ಕೂರುತ್ತಿದ್ದೆವು. ನಡುವೆ ಒಂದು ಕಾರು ನಿಲ್ಲುವಷ್ಟು ಜಾಗ. ಅವರವರ ಚಹಾ ಅವರವರ ಕೈಯಲ್ಲಿ. ಅಷ್ಟು ದೂರದಿಂದ ಮಾತಾಡಬೇಕಾದ್ದರಿಂದ ನಮ್ಮ ಮಾತು ಸಾಲಿನ ಎಲ್ಲ ಮನೆಗಳಿಗೂ ಕೇಳಿಸುತ್ತಿತ್ತು, ಆದರೆ ಕನ್ನಡವಾದ್ದರಿಂದ ಗುಟ್ಟು ಗುಟ್ಟಾಗಿಯೇ ಉಳಿಯುತ್ತಿತ್ತು. ಏನು ಮಾತಾಡಿದೆವು ಎಂದು ಕೇಳಿದರೆ ಒಂದೂ ನೆನಪಿಲ್ಲ. ಮೈಸೂರಿನಲ್ಲಿ ಅವರಪ್ಪನ ಸೈಕಲ್ ಅಂಗಡಿ, ನನ್ನ ಮೊಣಕಾಲು, ಯಾರೋ ಕಾರನ್ನು ಗೆರೆಯ ಮೇಲೆ ನಿಲ್ಲಿಸಿದ್ದು, ಇಂಥವೇ. ಗಂಟೆ ಗಂಟೆ ಕೂರುತ್ತಿದ್ದೆವು. ಕಾಲ ಸುಧಾರಿಸಿ ಶಶಿ ಮೇಲಕ್ಕೆ ಬಂದ ಮೇಲೂ, ಲಸಿಕೆ ಬಂದ ಮೇಲೂ ಕುರ್ಚಿ ಬಿಡಲಿಲ್ಲ. ನಡುವಿನ ಜಾಗ ಮಾತ್ರ ಕಡಿಮೆಯಾಯಿತು.

ಮರುವರ್ಷ ಏಪ್ರಿಲಿನಲ್ಲಿ ಒಂದು ಸಂಜೆ ನಜೀರ್ ಬಹಳ ಹೊತ್ತು ನನ್ನ ಮೊಣಕಾಲಿನ ಬಗ್ಗೆ ವಿಚಾರಿಸಿದರು. ಏನೋ ಇದೆ ಎಂದುಕೊಂಡೆ.

"ಸಾರ್, ನಮ್ಮ ಕಂಪನಿಯವರು ಎಲ್ಲಿಂದ ಬೇಕಾದ್ರೂ ಕೆಲಸ ಮಾಡಿ ಅಂದಿದಾರೆ. ಇಲ್ಲಿ ಬಾಡಿಗೆ ಮತ್ತೆ ಜಾಸ್ತಿ ಮಾಡ್ತಾರಂತೆ. ಕಮ್ಮಿಂಗ್‌ನಲ್ಲಿ ರುಖಿಯಾಳ ಅಕ್ಕ ಇದಾರಲ್ಲ, ಬನ್ನಿ ಬನ್ನಿ ಅಂತಿದಾರೆ. ಅಲ್ಲಿ ಆರಾಮಾಗಿರೋಕೆ ಎಷ್ಟು ಸಂಬಳ ಬೇಕಾಗುತ್ತೆ ಅಂತೀರಾ?"

ಬಾಯಲ್ಲಿ ಇಷ್ಟು ವರ್ಷ ಎಲ್ಲರಿಗೂ ಹೇಳಿದ್ದೇ ಬಂತು: "ನೋಡಿ ಹೇಳ್ತೇನ್ರಿ."

ನೋಡಿದೆ. ಊರಿನ ಹೆಸರಿನ ಜಾಗದಲ್ಲಿ ಕಮ್ಮಿಂಗ್ ಎಂದು ಬರೆದೆ. ಕೆಳಗೆ ಬಂದ ಹಸಿರು ಅಂಕಿ ಅವರ ಸಂಬಳಕ್ಕಿಂತ ಎಷ್ಟೋ ಕಡಿಮೆ. ಇಲ್ಲಿ ಬಾಡಿಗೆ ಕಟ್ಟುವ ದುಡ್ಡಿಗೆ ಅಲ್ಲಿ ಸ್ವಂತ ಮನೆ, ಹೊಸ ಮನೆ, ಒಳ್ಳೆಯ ಶಾಲೆ. ನನಗೆ ಸಿಟ್ಟು ಬಂತು. ಕೂತು ಅಲ್ಲಿನ ಬೇಸಿಗೆಯ ಏಸಿ ಬಿಲ್ಲು ಹೆಚ್ಚಿಸಿದೆ. ಅಂಕಿ ಅಷ್ಟೇನೂ ಅಲುಗಲಿಲ್ಲ. ಅಲ್ಲಿ ನಡೆದು ಹೋಗುವ ಅಂಗಡಿಗಳಿಲ್ಲ, ಎಲ್ಲಕ್ಕೂ ಡ್ರೈವ್ ಮಾಡಬೇಕು ಎಂದು ಒಂದು ಕಾರು ಸೇರಿಸಿದೆ. ಆಮೇಲೆ ಝೋಯಾ ದೊಡ್ಡವಳಾದರೆ ಎಂದು ಇನ್ನೊಂದು ಕಾರು ಸೇರಿಸಿದೆ. ಅವಳಿಗೆ ಆಗ ಒಂಬತ್ತು ವರ್ಷ. ಇಡೀ ಮನೆಯವರ ಹಲ್ಲು ಕೀಳಿಸಿದೆ. ಏನು ಮಾಡಿದರೂ ಕಮ್ಮಿಂಗೇ ಗೆದ್ದಿತು. ಕೊನೆಗೆ ನಾಚಿಕೆಯಾಗಿ ಹೆಚ್ಚಿಸಿದ್ದನ್ನೆಲ್ಲ ತೆಗೆದುಹಾಕಿದೆ. ಯಂತ್ರ ಸುಳ್ಳು ಹೇಳದಂತೆ ನೋಡಿಕೊಳ್ಳಲು ಸಂಬಳ ತೆಗೆದುಕೊಳ್ಳುವವನು ನಾನು. ಸ್ನೇಹಿತನಿಗೆ ಸುಳ್ಳು ಅಂಕಿ ಕೊಡುವುದು ಹೇಗೆ?

ಹೋಗಬೇಡಿ ಎಂದು ಅಂಕಿ ಇಲ್ಲದೆಯೂ ಹೇಳಬಹುದಿತ್ತು. ನನಗೆ ಅದು ಹೊಳೆಯಲಿಲ್ಲ ಎಂದರೆ ಸುಳ್ಳಾಗುತ್ತದೆ. ಹೊಳೆಯಿತು. ಆದರೆ ಸ್ವಂತ ಮನೆಯಿರುವ ನಾನು, ಬಾಡಿಗೆ ಕಟ್ಟಿ ದಣಿದ ಸಂಸಾರವೊಂದನ್ನು ನನ್ನ ಸಂಜೆಯ ಚಹಾಕ್ಕೋಸ್ಕರ ಹಿಡಿದಿಡುವುದು ಎಷ್ಟು ಸರಿ ಅನ್ನಿಸಿತು. ಸ್ವಾರ್ಥವಲ್ಲವೇ ಅದು? ಮೈಸೂರಿನ ಸಂಕೋಚ ಅಂಟುರೋಗ ಎಂದು ಆಗ ನನಗೆ ತಿಳಿದಿರಲಿಲ್ಲ.

ಹಾಳೆಯನ್ನು ಅವರಿಗೆ ಕಳಿಸಿದೆ. ಒಂದು ವಾರ ಬಿಟ್ಟು ನಜೀರ್ ಮತ್ತೆ ವಿಷಯ ತೆಗೆದರು. ಈ ಸಲ ಕೈಯಲ್ಲಿ ತಕರಾರುಗಳ ಪಟ್ಟಿ ಇತ್ತು.

"ಅಲ್ಲಿ ಬಿರುಗಾಳಿ ಜಾಸ್ತಿ ಅಂತಾರೆ ಸಾರ್."

"ವಿಮಾ ಇರ್ತದಲ್ರಿ. ಆ ಸಾಲು ಹಾಕೀನಿ ನೋಡ್ರಿ, ಹದಿನಾಲ್ಕನೇದು."

"ಹಲಾಲ್ ಅಂಗಡಿ ಹತ್ರ ಇಲ್ಲ."

"ಅಲ್ಲೇ ಬಾಜೂಕ ಡುಲುತ್‌ನ್ಯಾಗ ಎಲ್ಲಾ ಅದ. ಕಾರಿನ್ಯಾಗ ಹೋಗಿ ಬರ್ಲಿಕ್ಕೆ ಎಷ್ಟ ಹೊತ್ತು?"

"ಝೋಯಾ ಫ್ರೆಂಡ್ಸೆಲ್ಲಾ ಇಲ್ಲೇ ಇದಾರೆ. ಅವಳು ಬಹಳ ಹಚ್ಕೊಂಡಿದಾಳೆ, ಈ ಜಾಗನ."

"ಸಣ್ಣ ಹುಡುಗ್ರು ಲಗೂ ಹೊಂದ್ಕೋತಾರ. ನಮ್ಮ ಹುಡುಗ್ರು ಹೊಂದ್ಕೊಳ್ಳಿಲ್ಲೇನು?"

ಹೀಗೆ ಅವರು ಒಂದೊಂದು ಅಡ್ಡಿ ತಂದಂತೆ ನಾನು ಒಂದೊಂದನ್ನೂ ಬಿಡಿಸಿಕೊಟ್ಟೆ. ಗಂಟುಗಳನ್ನು ಬಿಡಿಸುವುದರಲ್ಲಿ ನನಗೆ ಒಂಥರಾ ಖುಷಿಯೂ ಆಗುತ್ತಿತ್ತು ಎಂದು ಹೇಳಿಕೊಳ್ಳಲು ಈಗ ನಾಚಿಕೆ. ಝೋಯಾ ಪಕ್ಕದಲ್ಲೇ ಸೈಕಲ್ ತುಳಿಯುತ್ತಿದ್ದಳು. ಗಕ್ಕನೆ ನಿಲ್ಲಿಸಿ, "ಅಂಕಲ್, ನೀವೂ ಬರ್ತೀರಾ ಕಮ್ಮಿಂಗ್? ಯು ಕ್ಯಾನ್ ಹ್ಯಾವ್ ದ ಬೇಸ್‌ಮೆಂಟ್" ಎಂದಳು. ಇಬ್ಬರೂ ಜೋರಾಗಿ ನಕ್ಕೆವು. ನಕ್ಕ ಮೇಲೆ ಇಬ್ಬರೂ ಬೇರೆ ಬೇರೆ ಕಡೆ ನೋಡಿದೆವು.

ಮೂರನೆಯ ಸಲ ಅವರು ಕೇಳಿದ್ದು ಮೇ ತಿಂಗಳಲ್ಲಿ. ಅವತ್ತು ಮೊಣಕಾಲಿನ ಬಗ್ಗೆ ವಿಚಾರಿಸಲಿಲ್ಲ. ಕುರ್ಚಿಯನ್ನು ನನ್ನ ಕಡೆಗೆ ಸ್ವಲ್ಪ ಎಳೆದುಕೊಂಡು, "ಹಾಗಾದ್ರೆ ಹೋಗ್ಬಹುದು ಅಂತೀರಾ ಸಾರ್?" ಎಂದರು.

"ಲೆಕ್ಕ ಹಂಗ ಹೇಳ್ತದರಿ" ಎಂದೆ.

"ಲೆಕ್ಕ ಹೇಳುತ್ತೆ" ಎಂದರು ನಜೀರ್. ಚಹಾ ಮುಗಿಸಿದರು. ಆಮೇಲೆ ಎದ್ದು, ಕುರ್ಚಿ ಮಡಚಿ, "ಆಯ್ತು ಸಾರ್. ಥ್ಯಾಂಕ್ಸ್. ಇಷ್ಟು ಟೈಮ್ ಕೊಟ್ರಿ" ಎಂದು ಒಳಗೆ ಹೋದರು. ಅಷ್ಟು ಬೇಗ ಅವರು ಎಂದೂ ಎದ್ದವರಲ್ಲ.

ಶಾಲೆ ಮುಗಿದ ವಾರವೇ ಟ್ರಕ್ಕು ಬಂತು. ರುಖಿಯಾ ಆ ಸ್ಟೀಲಿನ ಪಾತ್ರೆಯನ್ನು ಶಶಿಯ ಕೈಗೆ ಕೊಟ್ಟು, "ಅಕ್ಕಾ, ಇದು ನಿಮ್ಮದೇ" ಎಂದು ಅಳುತ್ತ ನಿಂತರು. ಶಶಿ, "ಹುಚ್ಚಿ, ತಗೊಂಡು ಹೋಗು. ನಾವು ಅಲ್ಲಿಗೆ ಬಂದಾಗ ಯಾವುದ್ರಾಗ ಅಡಿಗಿ ಮಾಡ್ತೀ?" ಎಂದು ಬೈದು ವಾಪಸು ಟ್ರಕ್ಕಿಗೆ ಹಾಕಿಸಿದಳು. ಹೆಂಗಸರು ಹೀಗೆ ಮಾತಾಡಿಕೊಳ್ಳುವಾಗ ನಾವಿಬ್ಬರು ಗಂಡಸರು ಟ್ರಕ್ಕಿನ ಹಗ್ಗ ಬಿಗಿಯಾಗಿದೆಯೇ ಎಂದು ಹತ್ತು ಸಲ ಎಳೆದು ನೋಡುತ್ತಿದ್ದೆವು. ಟ್ರಕ್ಕಿನವನೇ ಬಂದು, ಸಾಕು ಸ್ವಾಮಿ ಎನ್ನುವ ಹಾಗೆ ಕೈ ಮಾಡಿದ.

ಆಮೇಲೆ ಒಂದೆರಡು ವಾರ ಸಂಜೆ ಒಬ್ಬನೇ ಕುರ್ಚಿ ಹಾಕಿಕೊಂಡು ನೋಡಿದೆ. ಒಬ್ಬನೇ ಪಾರ್ಕಿಂಗ್ ಲಾಟಿನಲ್ಲಿ ಕುರ್ಚಿ ಹಾಕಿಕೊಂಡು ಕೂತರೆ ಜನ ಏನಾಯಿತು ಎಂದು ಕೇಳುತ್ತಾರೆ. ಕುರ್ಚಿ ಒಳಗಿಟ್ಟೆ. ಹಾಳೆಯನ್ನು ಆಮೇಲೆ ನಾನು ಯಾರಿಗೂ ಮಾಡಿಕೊಟ್ಟಿಲ್ಲ. ಫೋನ್ ಮಾಡಿದವರಿಗೆ, ಬೆಲೆಗಳು ದಿನಾ ಬದಲಾಗುತ್ತಿವೆ, ನನ್ನ ಲೆಕ್ಕ ಹಳೆಯದಾಯಿತು ಎಂದು ಹೇಳಿ ತಪ್ಪಿಸಿಕೊಂಡೆ. ಶಶಿಗೂ ಕಾರಣ ಹೇಳಲಿಲ್ಲ. ಅವಳಿಗೆ ಹೇಳಬೇಕಾದ್ದೂ ಇರಲಿಲ್ಲ ಎನ್ನಿ.

ಎರಡು ವರ್ಷದ ಮೇಲೆ ಅವರ ಮನೆಗೆ ಹೋದೆವು. ಹೆಚ್ಚುಕಡಿಮೆ ಒಂದು ಹಗಲಿನ ಡ್ರೈವು. ದಾರಿಯಲ್ಲಿ ಶಾರ್ಲಟ್‌ನ ಆ ಜೋಳದ ಹಿಟ್ಟಿನ ಡಾಕ್ಟರ ಮನೆಯಲ್ಲಿ ಊಟ. ನನ್ನ ಲೆಕ್ಕ ನಂಬಿ ಬಂದು ಸುಖವಾಗಿದ್ದೇನೆ ಎಂದು ಅವರು ನನಗೆ ಎರಡು ರೊಟ್ಟಿ ಹೆಚ್ಚು ಬಡಿಸಿದರು. ಕಮ್ಮಿಂಗ್‌ನ ಮನೆ ನಿಜಕ್ಕೂ ದೊಡ್ಡದು. ನಜೀರ್ ಒಂದೊಂದು ಕೋಣೆಯ ದೀಪ ಹಾಕಿ, ತೋರಿಸಿ, ಆರಿಸುತ್ತ ಬಂದರು. "ಆರಾಮಾಗಿದೀವಿ ಸಾರ್, ನಿಮ್ಮ ಲೆಕ್ಕ ಪಕ್ಕಾ" ಎಂದರು. ನಾನು ಸಂತೋಷಪಡಬೇಕಿತ್ತು. ಸ್ವಲ್ಪ ನೋವಾಯಿತು. ನಾನಿಲ್ಲದೆ ಇವರು ಇಷ್ಟು ಆರಾಮಾಗಿ ಇರಬಹುದು ಎಂದು ನಾನೇ ಸಹಿ ಹಾಕಿ ಕೊಟ್ಟಿದ್ದೆನಲ್ಲ. "ನಾವೂ ಆರಾಮ ಇದ್ದೇವಿ" ಎಂದೆ, ಅವರು ಕೇಳದಿದ್ದರೂ.

ಸಂಜೆ ಐದರ ಹೊತ್ತಿಗೆ ಅವರು ಗರಾಜಿನ ಬಾಗಿಲು ಮೇಲೆತ್ತಿ ಒಳಗೆ ಎರಡು ಕುರ್ಚಿ ಹಾಕಿದರು. ರಸ್ತೆಯಲ್ಲಿ ನರಪಿಳ್ಳೆಯಿರಲಿಲ್ಲ. ಒಂದು ಕಾರು ಬರುತ್ತಿತ್ತು, ಎದುರುಮನೆಯ ಗರಾಜು ತೆರೆಯುತ್ತಿತ್ತು, ಕಾರು ಒಳಗೆ ಹೋಗುತ್ತಿತ್ತು, ಬಾಗಿಲು ಇಳಿಯುತ್ತಿತ್ತು. ಒಳಗಿದ್ದವರ ಮುಖ ಕಾಣಿಸಲಿಲ್ಲ. "ಎದುರಿಗೆ ಯಾರಿದ್ದಾರ?" ಎಂದು ಕೇಳಿದೆ. "ಒಳ್ಳೆ ಜನ ಸಾರ್" ಎಂದರು ನಜೀರ್. ಆಮೇಲೆ, "ಹೆಸರು ಗೊತ್ತಿಲ್ಲ" ಎಂದರು. ಇಲ್ಲಿ ಒಂಟಿ ಅನ್ನಿಸುತ್ತದೆಯೇ ಎಂದು ಆಗಲೂ ನಾನು ಕೇಳಬಹುದಿತ್ತು. ಕೇಳಲಿಲ್ಲ. ಅವರ ಮೊಣಕಾಲು ಹೇಗಿದೆ ಎಂದು ಕೇಳಿದೆ.

ಮೊನ್ನೆ ಟೈರ್ ಅಂಗಡಿಯಲ್ಲಿ ಇಷ್ಟೆಲ್ಲ ಮನಸ್ಸಿನಲ್ಲಿ ಓಡುತ್ತಿದ್ದಾಗಲೇ ಜೇಬಿನಲ್ಲಿ ಫೋನು ಅಲುಗಿತು. ನಜೀರ್. ವಾರಕ್ಕೊಮ್ಮೆ ಮಾಡುತ್ತಾರೆ, ಸಾಮಾನ್ಯವಾಗಿ ಭಾನುವಾರ. ಅಂದು ಬುಧವಾರ. ಅವರು ನನ್ನ ಆರೋಗ್ಯ ವಿಚಾರಿಸಿದರು, ಶಶಿಯ ನಿವೃತ್ತಿ ಯಾವಾಗ ಎಂದು ಕೇಳಿದರು, ನನ್ನ ಮಕ್ಕಳಿಬ್ಬರ ಕೆಲಸದ ಬಗ್ಗೆ ಕೇಳಿದರು. ನಾನು ಕಾದೆ.

"ಸಾರ್, ಅರ್ಜೆಂಟೇನಿಲ್ಲ. ನಮ್ಮ ಕಂಪನಿಯವರು ಎಲ್ಲರೂ ಆಫೀಸಿಗೆ ಬನ್ನಿ ಅಂತಿದಾರೆ. ಶಾರ್ಲಟ್ ಆಫೀಸ್. ಬರದಿದ್ರೆ ಬೇರೆ ಕೆಲಸ ನೋಡ್ಕೋಬೇಕು. ಈ ತಿಂಗಳಲ್ಲಿ ಹೇಳಬೇಕಂತೆ. ಸ್ವಲ್ಪ ಸಂಬಳ ಜಾಸ್ತಿ ಮಾಡ್ತಾರೆ. ಶಾರ್ಲಟ್‌ನಲ್ಲಿ ಆರಾಮಾಗಿರೋಕೆ ಎಷ್ಟು ಬೇಕಾಗುತ್ತೆ ಅಂತೀರಾ?"

ಅಭ್ಯಾಸಬಲ ಎಂಥದು ನೋಡಿ. "ನೋಡಿ ಹೇ" ಎನ್ನುವವರೆಗೆ ನನ್ನ ನಾಲಿಗೆ ಹೋಗಿಯೇಬಿಟ್ಟಿತ್ತು. ಅಲ್ಲಿಗೆ ತಡೆದೆ. ಪಾರ್ಕಿಂಗ್ ಲಾಟಿನಲ್ಲಿ ಕುರ್ಚಿಯನ್ನು ನನ್ನ ಕಡೆಗೆ ಎಳೆದುಕೊಂಡ ಅವರ ಮುಖ, ನಾಲ್ಕು ವರ್ಷ ನಾನು ಸರಿಯಾಗಿ ನೋಡದೆ ಬಿಟ್ಟಿದ್ದ ಮುಖ, ಆಗ ಕಾಣಿಸಿತು.

"ನಜೀರ್" ಎಂದೆ, "ಮೊದಲ ಇದನ್ನ ಹೇಳ್ರಿ. ನಿಮಗ ಹೋಗ್ಲಿಕ್ಕೆ ಮನಸ್ಸದ ಏನು?"

ಫೋನು ಕಡಿದುಹೋಯಿತೇ ಎಂದು ಕಿವಿಯಿಂದ ತೆಗೆದು ನೋಡಿದೆ.

"ಇಲ್ಲ ಸಾರ್" ಎಂದರು. "ಒಂಚೂರೂ ಇಲ್ಲ. ಮತ್ತೆ ಟ್ರಕ್ ಹತ್ತೋ ಶಕ್ತಿ ನನಗಿಲ್ಲ. ಝೋಯಾಗೆ ಈಗ ತಾನೇ ಇಬ್ಬರು ಫ್ರೆಂಡ್ಸ್ ಆಗಿದಾರೆ."

"ಹಂಗಾರ ಹೋಗಬ್ಯಾಡ್ರಿ. ಕೆಲಸ ಬ್ಯಾರೆ ಹುಡುಕೋಣಂತ, ನಾನೂ ನಾಕು ಮಂದೀಗೆ ಹೇಳ್ತೇನಿ. ಲೆಕ್ಕ ಮಾಡೂದಿಲ್ಲ ನಾ."

ನಜೀರ್ ನಗಲು ಶುರು ಮಾಡಿದರು. ಮೊದಲು ಮೆಲ್ಲಗೆ, ಆಮೇಲೆ ನಿಲ್ಲಿಸಲಾಗದೆ. ನಕ್ಕು ಮುಗಿದ ಮೇಲೆ ಅವರ ದನಿ ಬೇರೆಯಾಗಿತ್ತು.

"ಸಾರ್, ಇದೊಂದು ಪ್ರಶ್ನೆ ಕೇಳೋಕೆ ನಾಲ್ಕು ವರ್ಷ ತಗೊಂಡ್ರಲ್ಲ. ಅವತ್ತು ಪಾರ್ಕಿಂಗ್ ಲಾಟಲ್ಲಿ ಮೂರು ಸಲ ಬಂದು ಕೂತೆ. ಇವತ್ತು ಕೇಳ್ತಾರೆ, ಇವತ್ತು ಕೇಳ್ತಾರೆ ಅಂತ. ರುಖಿಯಾಗೆ ಹೇಳಿದ್ದೆ, ನೋಡ್ತಿರು, ಅವರು ಧಾರವಾಡದವರು, ಒಂದೇ ಮಾತಲ್ಲಿ ಬೇಡ ಅಂದುಬಿಡ್ತಾರೆ, ನಾವು ಇಲ್ಲೇ ಇರೋಣ ಅಂತ. ನೀವು ನೋಡಿದ್ರೆ ಹದಿನಾಲ್ಕನೇ ಸಾಲು ತೋರಿಸ್ತೀರಾ."

"ನೀವರ ಹೇಳ್ಬೇಕಿತ್ತಲ್ಲ, ಮನಸ್ಸಿಲ್ಲಾ ಅಂತ!"

"ಹೇಗೆ ಹೇಳೋದು ಸಾರ್? ಅಷ್ಟು ಕಷ್ಟಪಟ್ಟು ಲೆಕ್ಕ ಮಾಡಿಕೊಟ್ಟಿದ್ರಿ. ನೀವು ಹೋಗಿ ಅಂತಿದೀರ ಅಂದ್ಕೊಂಡೆ. ನಾವು ಭಾರ ಆಗಿಬಿಟ್ವೇನೋ ಅಂತಾನೂ ಅನ್ನಿಸ್ತು."

ಭಾರ ಎಂಬ ಆ ಮಾತು ನನ್ನನ್ನು ಹೊಡೆದ ಹಾಗೆ ಯಾವ ಬೈಗುಳವೂ ಹೊಡೆದಿಲ್ಲ. ನಾಲ್ಕು ವರ್ಷ ಆ ಮನುಷ್ಯ ಅದನ್ನು ಹೊತ್ತುಕೊಂಡು, ವಾರ ವಾರ ಫೋನ್ ಮಾಡಿ ನನ್ನ ಮೊಣಕಾಲು ವಿಚಾರಿಸುತ್ತಿದ್ದರು. ನಾನು ಎದ್ದು ನಿಂತಿದ್ದೆ. ದೂರದ ಕುರ್ಚಿಗೆ ಕೇಳಿಸುವಂತೆ ಮಾತಾಡಿ ರೂಢಿಯಾದ ನನ್ನ ಗಂಟಲು ತಾನಾಗಿ ಏರಿತು.

"ನೀವು ಹೋಗೂದು ನನಗ ಬ್ಯಾಡಾಗಿತ್ತು ನಜೀರ್! ಒಂದು ದಿನಾನೂ ಬೇಕಾಗಿದ್ದಿಲ್ಲ. ಸುಳ್ಳು ಕಾರು ಸೇರ್ಸಿ ನೋಡಿದ್ದೆ, ನಿಮ್ಮೆಲ್ಲಾರ ಹಲ್ಲು ಕೀಳ್ಸಿ ನೋಡಿದ್ದೆ, ನೀವು ಇಲ್ಲೇ ಉಳೀಲಿ ಅಂತ. ನೀವು ಹೋದ ಮ್ಯಾಲೆ ನನಗ ಸಂಜೀ ಹೊತ್ತು ಏನ್ ಮಾಡ್ಬೇಕಂತ ಇವತ್ತಿನತನಕಾ ತಿಳೀವಲ್ದು."

ಕಾಯುತ್ತ ಕೂತಿದ್ದ ಹೆಂಗಸೊಬ್ಬಳು ಓದುತ್ತಿದ್ದ ಪತ್ರಿಕೆಯನ್ನು ಮಡಿಲಿಗಿಳಿಸಿ ನನ್ನನ್ನೇ ನೋಡುತ್ತಿದ್ದಳು. ಕೌಂಟರಿನಾತ ನನ್ನ ಹೆಸರನ್ನು ಒಮ್ಮೆ ಕರೆದ, ಮತ್ತೊಮ್ಮೆ ಕರೆದ. ತಾಳು ಎಂದು ಅವನಿಗೆ ಕೈ ಮಾಡಿದೆ.

ಫೋನಿನಲ್ಲಿ ನಜೀರ್ ಮೂಗು ಒರೆಸಿಕೊಂಡ ಸದ್ದು ಕೇಳಿಸಿತು. ಆಮೇಲೆ, ಆ ಸಂಕೋಚದ ಮನುಷ್ಯ, ಜೀವನದಲ್ಲಿ ಮೊದಲ ಸಲ ತಮಗೆ ಬೇಕಾದ್ದನ್ನು ನೇರವಾಗಿ ಕೇಳಿದರು.

"ಸಾರ್, ಇನ್ನೊಂದ್ಸಲ ಹೇಳಿ. ರುಖಿಯಾ ಇಲ್ಲೇ ಇದಾಳೆ, ಸ್ಪೀಕರ್‌ಗೆ ಹಾಕ್ತೀನಿ."

ಅಂಗಡಿಯಲ್ಲಿದ್ದ ಅಷ್ಟೂ ಜನರ ಎದುರಿಗೆ, ಮೊದಲಿಗಿಂತ ಜೋರಾಗಿ, ಇನ್ನೊಂದು ಸಲ ಹೇಳಿದೆ.